ಮರೆಯಾಗಲು ಕಲಿತ ಬಾಣ

ಒಂದು ತರಗತಿಯನ್ನು ಊಹಿಸಿಕೊಳ್ಳಿ. ಗೋಡೆಯ ಬಿಳಿ ಪರದೆಯ ಮೇಲೆ ಪ್ರೊಜೆಕ್ಟರ್ ಪಾಠವನ್ನು ಮೂಡಿಸಿದೆ. ಅದರಲ್ಲಿ ‘ಹಳ್ಳಿಯ ದಾರಿ’ ಎಂಬ ಪದಗಳಿವೆ. ಅಧ್ಯಾಪಕರು ಮೌಸ್ ಬಿಟ್ಟು ಮಕ್ಕಳ ಕಡೆಗೆ ತಿರುಗಿದ್ದಾರೆ. ಮೌಸ್‌ನ ಬಾಣ ಮಾತ್ರ ‘ಳಿ’ ಅಕ್ಷರದ ಕೆಳಗಿನ ಒತ್ತಿನ ಮೇಲೆಯೇ ನಿಂತುಬಿಟ್ಟಿದೆ. ಹಿಂದಿನ ಬೆಂಚಿನ ಹುಡುಗ ತನಗೆ ಕಂಡಂತೆ ಓದುತ್ತಾನೆ: ‘ಹಳಿಯ ದಾರಿ’. ಊರಿಗೆ ಹೋಗಬೇಕಾದ ದಾರಿ ರೈಲು ಹಳಿಯ ಮೇಲೆ ಹೋಯಿತು! ಮುಂದಿನ ಪುಟದಲ್ಲಿ ಅದೇ ಬಾಣ 3.14ರ ದಶಮಾಂಶ ಬಿಂದುವನ್ನು ಮುಚ್ಚಿದರೆ ಪೈ ಬೆಲೆ 314 ಆಗಿಬಿಡುತ್ತದೆ.

ತಪ್ಪು ಹುಡುಗನದಲ್ಲ. ಬಾಣದ್ದೂ ಅಲ್ಲ, ಬಿಟ್ಟಲ್ಲಿಯೇ ನಿಲ್ಲುವುದು ಅದರ ಧರ್ಮ. ಆದರೆ ಮೌಸ್ ಮೇಲೆ ಕೈಯೇ ಇಲ್ಲದಾಗ ಆ ಬಾಣ ಯಾರಿಗಾಗಿ ನಿಂತಿದೆ? ಕೆಲಸವಿಲ್ಲದಾಗ ತಾನಾಗಿ ಮರೆಯಾಗಿ, ಕೈ ಸೋಕಿದೊಡನೆ ಮರಳಿ ಬಂದರೆ ಎಷ್ಟು ಚೆನ್ನ! ಇಂದು ಅನೇಕ ತಂತ್ರಾಂಶಗಳು ಹೀಗೆಯೇ ಮಾಡುತ್ತವೆ. ಗಣಕದಲ್ಲಿ ಪೂರ್ಣ ಪರದೆಯ ಚಲನಚಿತ್ರ ನೋಡುವಾಗ ಕೆಲವು ಸೆಕೆಂಡುಗಳಲ್ಲಿ ಬಾಣ ಕಾಣದಾಗುತ್ತದೆ. ಅದು ಯಾವಾಗ ಹೋಯಿತೆಂದು ನೀವು ಗಮನಿಸಿರಲಾರಿರಿ. ಈ ಪುಟ್ಟ ಅನುಕೂಲದ ಹಿಂದೆ ದೀರ್ಘವಾದ ಒಂದು ಇತಿಹಾಸವಿದೆ, ಅದರಲ್ಲಿ ತಂತ್ರಜ್ಞಾನದ ಒಂದು ಪಾಠವೂ ಇದೆ. ಮರೆಮಾಡುವುದು ಸುಲಭ, ಮರಳಿ ತರುವ ಹೊಣೆ ಹೊರುವುದೇ ಕಷ್ಟ.

ಓಡುವವನ ಹೆಸರು

‘ಕರ್ಸರ್’ ಎಂಬ ಪದ ಗಣಕಕ್ಕಿಂತ ಹಳೆಯದು. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ಓಡುವವನು’. ಕ್ಯಾಲ್ಕುಲೇಟರ್ ಬರುವ ಮೊದಲು ಎಂಜಿನಿಯರುಗಳು ಬಳಸುತ್ತಿದ್ದ ಸ್ಲೈಡ್ ರೂಲ್ ಹಿರಿಯ ಓದುಗರಿಗೆ ನೆನಪಿರಬಹುದು. ಅದರ ಮೇಲೆ ಅತ್ತಿತ್ತ ಸರಿಯುವ ಪಾರದರ್ಶಕ ತುಂಡೊಂದಿತ್ತು. ಅದರ ನಡುವೆ ಕೂದಲೆಳೆಯಂಥ ಗೆರೆ. ಈ ತುಂಡಿನ ಹೆಸರು ಕರ್ಸರ್. ಕೆಳಗಿನ ಅಂಕಿಗಳು ಕಾಣಬೇಕಾದ್ದರಿಂದಲೇ ಅದು ಪಾರದರ್ಶಕವಾಗಿತ್ತು. ತೋರಿಸಬೇಕು, ಆದರೆ ಮುಚ್ಚಬಾರದು ಎಂಬ ನಿಯಮ ಆ ಸರಳ ಸಾಧನದಲ್ಲಿಯೇ ಅಡಗಿತ್ತು.

ಗಣಕದ ತೆರೆಯ ಮೇಲೆ ನಾವು ಎರಡು ಬಗೆಯ ಕರ್ಸರ್‌ಗಳನ್ನು ಕಾಣುತ್ತೇವೆ. ಮುಂದಿನ ಅಕ್ಷರ ಎಲ್ಲಿ ಬೀಳುತ್ತದೆ ಎಂದು ಮಿನುಗುತ್ತ ತಿಳಿಸುವುದು ಒಂದು. ಮೌಸ್‌ನೊಡನೆ ಚಲಿಸುವ ಬಾಣ ಇನ್ನೊಂದು. ಮೊದಲನೆಯದು ಅಕ್ಷರಗಳ ನಡುವೆ ತನ್ನದೇ ಜಾಗದಲ್ಲಿ ನಿಲ್ಲುತ್ತದೆ. ಎರಡನೆಯದಕ್ಕೆ ಸ್ವಂತ ಜಾಗವಿಲ್ಲ. ಅದು ಎಲ್ಲಿ ನಿಂತರೂ ಬೇರೆ ಯಾವುದೋ ಒಂದರ ಮೇಲೆಯೇ ನಿಲ್ಲಬೇಕು. ನಮ್ಮ ಕಥೆ ಈ ಎರಡನೆಯದರದು.

ಬೆಳಕಿನ ಕೀಟ

ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿರುವ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರ್ ಇದ್ದರು. ಅವರ ಕಲ್ಪನೆಯ ಮೇರೆಗೆ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಮೊದಲ ಮೌಸನ್ನು ತಯಾರಿಸಿದರು. ಅದು ಮರದ ಪೆಟ್ಟಿಗೆ. ಅಡಿಯಲ್ಲಿ ಒಂದಕ್ಕೊಂದು ಲಂಬವಾಗಿ ಜೋಡಿಸಿದ ಎರಡು ಚಕ್ರಗಳು. ಒಂದು ಚಕ್ರ ಅಡ್ಡ ಚಲನೆಯನ್ನು, ಇನ್ನೊಂದು ಉದ್ದ ಚಲನೆಯನ್ನು ಅಳೆಯುತ್ತಿತ್ತು. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೊ ನಗರದ ಸಮ್ಮೇಳನವೊಂದರಲ್ಲಿ ಎಂಗೆಲ್‌ಬಾರ್ಟ್ ಅದನ್ನು ಸುಮಾರು 90 ನಿಮಿಷಗಳ ಪ್ರಾತ್ಯಕ್ಷಿಕೆಯಲ್ಲಿ ಎಲ್ಲರೆದುರು ಬಳಸಿ ತೋರಿಸಿದರು. ಮೌಸ್ ಚಲಿಸಿದಂತೆ ತೆರೆಯ ಮೇಲೆ ಓಡಾಡುತ್ತಿದ್ದ ಗುರುತನ್ನು ಅವರು ‘ಬಗ್’ ಅಂದರೆ ಕೀಟ ಎಂದು ಕರೆಯುತ್ತಿದ್ದರು.

ಆ ಕಾಲದ ಅಂಥ ತೆರೆಗಳಲ್ಲಿ ಎಲೆಕ್ಟ್ರಾನ್ ದೂಲವು ಅಕ್ಷರಗಳನ್ನೂ ಗೆರೆಗಳನ್ನೂ ನೇರವಾಗಿ ಬರೆಯುತ್ತಿತ್ತು. ಬರೆದದ್ದು ಬೇಗನೆ ಮಾಸುವುದರಿಂದ ಇಡೀ ಚಿತ್ರವನ್ನು ಸೆಕೆಂಡಿಗೆ ಅನೇಕ ಸಲ ಹೊಸದಾಗಿ ಬರೆಯಬೇಕಿತ್ತು. ಬರೆಯಬೇಕಾದವುಗಳ ಪಟ್ಟಿಯಲ್ಲಿ ಕೀಟವೂ ಒಂದು. ಅದನ್ನು ಮರೆಮಾಡಬೇಕೆಂದರೆ ಮುಂದಿನ ಸುತ್ತಿನಲ್ಲಿ ಬರೆಯದೆ ಬಿಟ್ಟರಾಯಿತು. ಕೆಳಗಿದ್ದುದಕ್ಕೆ ಏನೂ ಆಗುವುದಿಲ್ಲ. ಹೀಗಾಗಿ ಆಗ ಇದೊಂದು ಸಮಸ್ಯೆಯೇ ಆಗಿರಲಿಲ್ಲ.

ಚುಕ್ಕಿಗಳ ತೆರೆ ಬಂದಾಗ

1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ‘ಆಲ್ಟೊ’ ಎಂಬ ಗಣಕ ಸಿದ್ಧವಾಯಿತು. ಅದರ ತೆರೆಯಲ್ಲಿ ಅಡ್ಡಲಾಗಿ 606, ಉದ್ದಕ್ಕೆ 808 ಚುಕ್ಕಿಗಳಿದ್ದವು. ಪ್ರತಿಯೊಂದು ಚುಕ್ಕಿಗೂ ಸ್ಮೃತಿಯಲ್ಲಿ ಒಂದೊಂದು ಬಿಟ್ ಮೀಸಲು. ಬಿಟ್ 1 ಆದರೆ ಕಪ್ಪು, 0 ಆದರೆ ಬಿಳುಪು. ಗುಣಿಸಿ ನೋಡಿ: 4,89,648 ಬಿಟ್‌ಗಳು, ಅಂದರೆ ಸುಮಾರು 61,000 ಬೈಟ್‌ಗಳು. ಆ ಗಣಕದ ಒಟ್ಟು 128 ಕಿಲೊಬೈಟ್ ಸ್ಮೃತಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ತೆರೆಗೇ ಬೇಕಾಗುತ್ತಿತ್ತು!

ಆಲ್ಟೊ ಗಣಕದ ಬಾಣ 16×16 ಚುಕ್ಕಿಗಳ ಒಂದು ಚೌಕ. ಅದರ ಆಕಾರಕ್ಕೆ ಬೇಕಾದ ಸ್ಮೃತಿ 256 ಬಿಟ್, ಅಂದರೆ 32 ಬೈಟ್ ಮಾತ್ರ. ಅದನ್ನು ತೆರೆಯ ಚಿತ್ರದೊಳಗೆ ಬರೆಯುತ್ತಿರಲಿಲ್ಲ. ತೆರೆಗೆ ಹೋಗುವ ಸಂಕೇತದಲ್ಲಿ ಕೊನೆಯ ಗಳಿಗೆಯಲ್ಲಿ ಬೆರೆಸುತ್ತಿದ್ದರು. ಬರೆದ ಹಾಳೆಯ ಮೇಲೆ ಗಾಜಿನ ಚೂರು ಇಟ್ಟಂತೆ. ಚೂರನ್ನು ಸರಿಸಿದರೂ ಹಾಳೆಗೆ ಕಲೆ ಹತ್ತುವುದಿಲ್ಲ.

ಇದಕ್ಕೆ ವಿಶೇಷ ಏರ್ಪಾಡು ಬೇಕು. 1980ರ ದಶಕದಲ್ಲಿ ಜನಸಾಮಾನ್ಯರಿಗಾಗಿ ಬಂದ ಅನೇಕ ಅಗ್ಗದ ಗಣಕಗಳಲ್ಲಿ ಆ ಏರ್ಪಾಡು ಇರಲಿಲ್ಲ. ಅವುಗಳಲ್ಲಿ ಬಾಣವನ್ನು ಚಿತ್ರದ ಸ್ಮೃತಿಯಲ್ಲಿಯೇ ಬರೆಯಬೇಕಾಯಿತು. ಅದಕ್ಕೆ ಕಂಡುಕೊಂಡ ಉಪಾಯ ಹೀಗಿತ್ತು: ಬಾಣ ಕೂರಲಿರುವ ಜಾಗದ ಚುಕ್ಕಿಗಳನ್ನು ಮೊದಲು ಬೇರೆಡೆ ನಕಲು ಮಾಡಿ ಇಟ್ಟುಕೊಳ್ಳುವುದು; ಆಮೇಲೆ ಬಾಣವನ್ನು ಬರೆಯುವುದು; ಬಾಣ ಹೊರಟಾಗ ನಕಲನ್ನು ಹಳೆಯ ಜಾಗಕ್ಕೆ ಮರಳಿ ಹಾಕುವುದು.

ಇಲ್ಲಿ ಒಂದು ತೊಡಕಿದೆ, ನೀವೇ ಯೋಚಿಸಿ. ಬಾಣ ಕೂತಿರುವಾಗ ಅದೇ ಜಾಗದಲ್ಲಿ ಬೇರೊಂದು ಕ್ರಮವಿಧಿ ಹೊಸ ಚಿತ್ರ ಬರೆದರೆ ಏನಾಗುತ್ತದೆ? ಬಾಣ ಸರಿದಾಗ ಹಳೆಯ ನಕಲು ಮರಳಿ ಬಂದು ಹೊಸ ಚಿತ್ರದ ನಡುವೆ ಒಂದು ತೇಪೆಯಂತೆ ಉಳಿದುಬಿಡುತ್ತದೆ. ಆದ್ದರಿಂದ ಯಾವುದನ್ನೇ ಬರೆಯುವ ಮುನ್ನ ಬಾಣವನ್ನು ಮರೆಮಾಡಿ, ಬರೆದಾದ ಮೇಲೆ ಮತ್ತೆ ತೋರಿಸಬೇಕಾಯಿತು. ಅಂದರೆ, ಈ ಗಣಕಗಳಲ್ಲಿ ಬಾಣವನ್ನು ಮರೆಮಾಡುವ ಕಲೆ ಮೊದಲು ಬೇಕಾದದ್ದು ಯಂತ್ರದ ಅನುಕೂಲಕ್ಕೆ. ಮನುಷ್ಯರ ಕಣ್ಣಿಗಾಗಿ ಅಲ್ಲ.

ಎಣಿಕೆಯ ಜಾಣ್ಮೆ

1990ರ ದಶಕದಲ್ಲಿ ನಮ್ಮ ಕಾಲೇಜುಗಳಲ್ಲಿ ಟರ್ಬೊ ಸಿ ಕಲಿತವರಿಗೆ ಇದರ ಅನುಭವ ಇದ್ದೀತು. ಮೈಕ್ರೊಸಾಫ್ಟ್ ಸಂಸ್ಥೆ 1983ರಲ್ಲಿ ತನ್ನ ಮೊದಲ ಮೌಸನ್ನು ಮಾರುಕಟ್ಟೆಗೆ ತಂದಿತು. ಡಾಸ್ ಗಣಕದಲ್ಲಿ ಮೌಸ್‌ನೊಡನೆ ವ್ಯವಹರಿಸಲು 33 ಎಂಬ ಹದಿನಾರಂಕಿ ಸಂಖ್ಯೆಯ ‘ಇಂಟರಪ್ಟ್’ ನಿಗದಿಯಾಗಿತ್ತು. ಅದರಲ್ಲಿ 0 ಎಂದರೆ ಮೌಸನ್ನು ಸಿದ್ಧಗೊಳಿಸು, 1 ಎಂದರೆ ಬಾಣವನ್ನು ತೋರಿಸು, 2 ಎಂದರೆ ಮರೆಮಾಡು, 3 ಎಂದರೆ ಬಾಣ ಎಲ್ಲಿದೆ, ಯಾವ ಗುಂಡಿ ಒತ್ತಿದೆ ಎಂದು ತಿಳಿಸು.

‘ಮರೆಮಾಡು’ ಎಂದು ಎರಡು ಸಲ ಹೇಳಿ, ‘ತೋರಿಸು’ ಎಂದು ಒಂದೇ ಸಲ ಹೇಳಿದರೆ ಬಾಣ ಕಾಣುತ್ತಿರಲಿಲ್ಲ. ಹೊಸದಾಗಿ ಕಲಿಯುವವರು ಇದನ್ನು ದೋಷವೆಂದು ಭಾವಿಸುವುದು ಸಹಜ. ಆದರೆ ಇದು ಬೇಕೆಂದೇ ಮಾಡಿದ ಏರ್ಪಾಡು. ಮೌಸ್ ತಂತ್ರಾಂಶ ಒಳಗೊಳಗೇ ಒಂದು ಎಣಿಕೆ ಇಟ್ಟುಕೊಂಡಿರುತ್ತದೆ. ಆರಂಭದಲ್ಲಿ ಎಣಿಕೆ -1. ‘ತೋರಿಸು’ ಎಂದಾಗ ಒಂದು ಕೂಡುತ್ತದೆ. ‘ಮರೆಮಾಡು’ ಎಂದಾಗ ಒಂದು ಕಳೆಯುತ್ತದೆ. ಎಣಿಕೆ 0 ಆದಾಗ ಮಾತ್ರ ಬಾಣ ಕಾಣುತ್ತದೆ.

ಬರೀ ‘ಹೌದು-ಅಲ್ಲ’ ಸಾಕಾಗದೆ ಎಣಿಕೆ ಏಕೆ ಬೇಕಾಯಿತು? ಒಂದು ದೊಡ್ಡ ಕೆಲಸ ಬಾಣವನ್ನು ಮರೆಮಾಡಿ ಚಿತ್ರ ಬರೆಯುತ್ತಿದೆ ಎನ್ನಿ. ನಡುವೆ ಅದು ಒಂದು ಚಿಕ್ಕ ಕೆಲಸವನ್ನು ಕರೆಯುತ್ತದೆ. ಚಿಕ್ಕದು ತಾನೂ ಬಾಣವನ್ನು ಮರೆಮಾಡಿ, ತನ್ನ ಪಾಲಿನದನ್ನು ಬರೆದು, ‘ತೋರಿಸು’ ಎನ್ನುತ್ತದೆ. ಎಣಿಕೆ ಇಲ್ಲದಿದ್ದರೆ ಬಾಣ ಆಗಲೇ ಕಾಣಿಸಿಕೊಂಡು ದೊಡ್ಡ ಕೆಲಸ ಕೆಡುತ್ತಿತ್ತು. ಗಣಿತದಲ್ಲಿ ಆವರಣದೊಳಗೆ ಆವರಣ ಬಂದಾಗ ತೆರೆದಷ್ಟೂ ಆವರಣಗಳನ್ನು ಮುಚ್ಚಬೇಕಲ್ಲವೇ? ಇದೂ ಹಾಗೆಯೇ. ಮರೆಮಾಡಿದವರೆಲ್ಲರೂ ಮರಳಿ ಒಪ್ಪಿಸಿದ ಮೇಲೆಯೇ ಬಾಣ ಹೊರಗೆ ಬರಬೇಕು. ಆ್ಯಪಲ್‌ನ ಮ್ಯಾಕಿಂಟಾಷ್, ಮೈಕ್ರೊಸಾಫ್ಟ್‌ನ ವಿಂಡೋಸ್ ಎರಡರಲ್ಲೂ ಇದೇ ತತ್ತ್ವದ ಎಣಿಕೆಯನ್ನು ಕಾಣುತ್ತೇವೆ.

ಕಣ್ಣಿಗಾಗಿ ಮರೆಯಾದದ್ದು

1984ರ ಜನವರಿಯಲ್ಲಿ ಬಂದ ಮ್ಯಾಕಿಂಟಾಷ್ ಗಣಕದ ತೆರೆ ಚಿಕ್ಕದು: 512×342 ಚುಕ್ಕಿಗಳು. 16×16ರ ಬಾಣದ ಚೌಕ ಇಡೀ ತೆರೆಯ 684ರಲ್ಲಿ ಒಂದು ಪಾಲು. ಇದೇನು ಮಹಾ ಎನ್ನಿಸಬಹುದು. ಆದರೆ ಬೆರಳಚ್ಚು ಮಾಡುವಾಗ ನಿಮ್ಮ ಕಣ್ಣು ಇಡೀ ತೆರೆಯನ್ನು ನೋಡುವುದಿಲ್ಲ. ಈಗ ಮೂಡುತ್ತಿರುವ ಸಾಲನ್ನು ನೋಡುತ್ತದೆ. ಎಲ್ಲಿ ಬರೆಯಬೇಕೆಂದು ತೋರಿಸಲು ಅಲ್ಲಿಯೇ ಮೌಸ್ ಒತ್ತಿರುತ್ತೀರಿ. ಆದ್ದರಿಂದ ಅದೇ ಸಾಲಿನಲ್ಲಿಯೇ ಗುರುತು ಉಳಿದಿರುವ ಸಂಭವ ಹೆಚ್ಚು. ಅಡ್ಡಿ ಚಿಕ್ಕದಾದರೂ ಅದು ನಿಲ್ಲುವುದು ಕಣ್ಣು ನೆಟ್ಟ ಜಾಗದಲ್ಲಿಯೇ.

ಮ್ಯಾಕಿಂಟಾಷ್‌ನ ಚಿತ್ರ ಬರೆಯುವ ತಂತ್ರಾಂಶ ‘ಕ್ವಿಕ್‌ಡ್ರಾ’ವನ್ನು ರಚಿಸಿದವರು ಬಿಲ್ ಆಟ್ಕಿನ್‌ಸನ್. ಅದರಲ್ಲಿ ಬಾಣವನ್ನು ಮರೆಮಾಡುವ, ತೋರಿಸುವ ಆದೇಶಗಳ ಜೊತೆಗೆ ಇನ್ನೊಂದು ಆದೇಶವಿತ್ತು: ‘ಅಬ್‌ಸ್ಕ್ಯೂರ್ ಕರ್ಸರ್’. ಇದನ್ನು ಕೊಟ್ಟರೆ ಬಾಣ ಮರೆಯಾಗುತ್ತದೆ. ಮೌಸ್ ಮುಂದಿನ ಸಲ ಅಲುಗಿದಾಗ ತಾನಾಗಿ ಮರಳಿ ಬರುತ್ತದೆ. ಬಳಕೆದಾರರು ಬೆರಳಚ್ಚು ಆರಂಭಿಸಿದಾಗ ಇದನ್ನು ಬಳಸಬೇಕೆಂದು ‘ಇನ್‌ಸೈಡ್ ಮ್ಯಾಕಿಂಟಾಷ್’ ಎಂಬ ಕೈಪಿಡಿ ತಂತ್ರಾಂಶ ಬರೆಯುವವರಿಗೆ ತಿಳಿಸಿತು.

ವ್ಯತ್ಯಾಸವನ್ನು ಗಮನಿಸಿ. ಹಿಂದಿನ ‘ಮರೆಮಾಡು’ ಆದೇಶಕ್ಕೆ ‘ತೋರಿಸು’ ಎಂಬ ಜೊತೆ ಆದೇಶ ಬೇಕು. ಕ್ರಮವಿಧಿ ಅದನ್ನು ಮರೆತರೆ ಬಾಣ ಹೋದದ್ದು ಹೋದಂತೆಯೇ. ಹೊಸ ಆದೇಶದಲ್ಲಿ ಬಾಣವನ್ನು ಮರಳಿ ಕರೆಯುವ ಅಧಿಕಾರ ಕ್ರಮವಿಧಿಯ ಕೈಯಲ್ಲಿಲ್ಲ. ಮೌಸ್ ಹಿಡಿದ ಮನುಷ್ಯರ ಕೈಯಲ್ಲಿದೆ. ಯಂತ್ರದ ಅನುಕೂಲಕ್ಕೆ ಹುಟ್ಟಿದ ಉಪಾಯ ಇಲ್ಲಿ ಮನುಷ್ಯರ ಅನುಕೂಲಕ್ಕೆ ತಿರುಗಿತು. ನಮ್ಮ ಇತಿಹಾಸದ ನಿಜವಾದ ತಿರುವು ಇದು.

ಸುಮ್ಮನಿರುವುದನ್ನು ಗುರುತಿಸುವುದು

ಕೀಲಿ ಒತ್ತಿದಾಗ ಮರೆಯಾಗುವುದು ಬರೆಯುವವರಿಗೆ ಸರಿ. ಓದುವವರ, ನೋಡುವವರ ಗತಿ? ಅವರು ಯಾವ ಕೀಲಿಯನ್ನೂ ಒತ್ತುವುದಿಲ್ಲ. ಅವರಿಗೆ ಬೇರೊಂದು ಸೂಚನೆ ಬೇಕು: ಕಾಲ. ಇಷ್ಟು ಸೆಕೆಂಡು ಬಾಣ ಅಲುಗದಿದ್ದರೆ ಅದು ಸುಮ್ಮನಿದೆ ಎಂದು ತೀರ್ಮಾನಿಸಬೇಕು.

ಇದನ್ನು ಮಾಡಿದ ಒಂದು ಪ್ರಸಿದ್ಧ ಕಿರು ತಂತ್ರಾಂಶ ‘ಅನ್‌ಕ್ಲಟರ್’. ಅದು ಹುಟ್ಟಿದ್ದು ಯುನಿಕ್ಸ್ ಗಣಕಗಳ ‘ಎಕ್ಸ್ ವಿಂಡೋ’ ವ್ಯವಸ್ಥೆಗಾಗಿ. ಎಕ್ಸ್ ವ್ಯವಸ್ಥೆ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1984ರಲ್ಲಿ ಆರಂಭವಾಯಿತು. ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಮಾರ್ಕ್ ಎಂ. ಮಾರ್ಟಿನ್ ಎಂಬವರು ಅನ್‌ಕ್ಲಟರ್ ಅನ್ನು ಬರೆದು ಎಲ್ಲರ ಬಳಕೆಗೆ ಬಿಟ್ಟರು. ಮುಂದೆ ಲಿನಕ್ಸ್ ಗಣಕಗಳಲ್ಲಿಯೂ ಅದು ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು.

ಅದರ ಮುಂದಿದ್ದ ಅಡಚಣೆ ಕುತೂಹಲಕರ. ಎಕ್ಸ್ ವ್ಯವಸ್ಥೆಯಲ್ಲಿ ಬಾಣದ ಆಕಾರವನ್ನು ನಿರ್ಧರಿಸುವುದು ಅದು ಯಾವ ಕಿಟಕಿಯ ಮೇಲೆ ಇದೆಯೋ ಆ ಕಿಟಕಿ. ಒಂದು ಕ್ರಮವಿಧಿ ಇನ್ನೊಂದರ ಕಿಟಕಿಯ ಮೇಲಿನ ಬಾಣವನ್ನು ಮರೆಮಾಡಲು ಆಗ ನೇರವಾದ ಆದೇಶವೇ ಇರಲಿಲ್ಲ. ಅದಕ್ಕೆ ಅನ್‌ಕ್ಲಟರ್ ಒಂದು ಉಪಾಯ ಹೂಡಿತು. ಬಾಣ ನಿಂತಿರುವಲ್ಲಿಯೇ, ಅದರ ಅಡಿಗೆ, ಕಣ್ಣಿಗೆ ಕಾಣದ ಒಂದು ಅತಿ ಪುಟ್ಟ ಕಿಟಕಿಯನ್ನು ತೂರಿಸಿತು. ಆ ಕಿಟಕಿಗೆ ನಿಗದಿಯಾದ ಬಾಣದ ಆಕಾರ ಯಾವುದು? ಏನೂ ಇಲ್ಲದ ಖಾಲಿ ಆಕಾರ! ಬಾಣ ಈಗ ಹೊಸ ಕಿಟಕಿಯ ಮೇಲಿದೆ, ಆದ್ದರಿಂದ ಕಾಣುವುದಿಲ್ಲ. ಮೌಸ್ ಅಲುಗಿತೆಂದರೆ ಬಾಣ ಆ ಪುಟ್ಟ ಕಿಟಕಿಯಿಂದ ಹೊರಬೀಳುತ್ತದೆ. ಆಗ ಕಿಟಕಿಯನ್ನು ತೆಗೆದುಹಾಕಿದರೆ ಎಲ್ಲವೂ ಮೊದಲಿನಂತೆ.

ಈ ಉಪಾಯಕ್ಕೆ ಒಂದು ಅಡ್ಡ ಪರಿಣಾಮವಿತ್ತು. ನಡುವೆ ಬೇರೆ ಕಿಟಕಿ ಬಂದದ್ದರಿಂದ ಕೆಳಗಿನ ಕ್ರಮವಿಧಿಯು ‘ಮೌಸ್ ನನ್ನನ್ನು ಬಿಟ್ಟುಹೋಯಿತು’ ಎಂದು ತಿಳಿಯುತ್ತಿತ್ತು. ಈಮ್ಯಾಕ್ಸ್‌ನಂಥ ತಂತ್ರಾಂಶಗಳಿಗೆ ಇದರಿಂದ ಗೊಂದಲ. ಅದಕ್ಕಾಗಿ ಅನ್‌ಕ್ಲಟರ್ ‘ಮೌಸ್ ಇನ್ನೂ ನಿನ್ನ ಬಳಿಯೇ ಇದೆ’ ಎಂಬ ಒಂದು ಕೃತಕ ಸಂದೇಶವನ್ನೂ ಕಳುಹಿಸಬೇಕಾಯಿತು. ಮರೆಮಾಡಿದ್ದು ಬಾಣದ ಚಿತ್ರವನ್ನು ಮಾತ್ರ, ಬಾಣದ ಸ್ಥಾನವನ್ನಲ್ಲ ಎಂದು ಎಲ್ಲರಿಗೂ ಮನದಟ್ಟು ಮಾಡುವುದೇ ಹೆಚ್ಚಿನ ಕೆಲಸವಾಯಿತು!

ಮುಂದೆ ‘ಎಕ್ಸ್‌ಫಿಕ್ಸಸ್’ ಎಂಬ ವಿಸ್ತರಣೆಯಲ್ಲಿ ಬಾಣವನ್ನು ಮರೆಮಾಡುವ ನೇರ ಆದೇಶವೇ ಸೇರಿತು. ಅದರ ನಿಯಮಗಳಲ್ಲಿ ಒಂದು ಬಹಳ ಮುಖ್ಯ. ಮರೆಮಾಡುವಂತೆ ಕೋರಿದ ಕ್ರಮವಿಧಿಯು ಯಾವುದೇ ಕಾರಣಕ್ಕೆ ನಿಂತುಹೋದರೆ, ಅದರ ಕೋರಿಕೆಯೂ ತಾನಾಗಿ ರದ್ದಾಗುತ್ತದೆ. ಅಂದರೆ, ಮರೆಮಾಡಿದವರು ಕುಸಿದು ಬಿದ್ದರೂ ಬಾಣ ಕಳೆದುಹೋಗುವುದಿಲ್ಲ.

ಎಷ್ಟು ಕಾಲ? ಎಷ್ಟು ಅಲುಗಾಟ?

ಅನ್‌ಕ್ಲಟರ್ ಬಾಣದ ಸ್ಥಾನವನ್ನು ಮತ್ತೆ ಮತ್ತೆ ವಿಚಾರಿಸುತ್ತದೆ. ಎರಡು ವಿಚಾರಣೆಗಳ ನಡುವೆ ಸಾಮಾನ್ಯವಾಗಿ 5 ಸೆಕೆಂಡು. ಬಳಕೆದಾರರು ಬೇಕಾದಂತೆ ಇದನ್ನು ಬದಲಿಸಿಕೊಳ್ಳಬಹುದು. ಹೀಗೆ ವಿಚಾರಿಸುವ ವಿಧಾನದಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಹಿಂದಿನ ವಿಚಾರಣೆಯ ಸ್ಥಾನ, ಈಗಿನ ಸ್ಥಾನ ಎರಡೂ ಒಂದೇ ಆಗಿದ್ದರೆ ಬಾಣ ಸುಮ್ಮನಿದೆ ಎಂದರ್ಥ. ವಿಚಾರಣೆಗೆ ಕ್ಷಣ ಮೊದಲು ಬಾಣ ನಿಂತಿತೆನ್ನಿ. ಮುಂದಿನ ವಿಚಾರಣೆಯಲ್ಲಿಯೇ, ಸುಮಾರು 5 ಸೆಕೆಂಡಿಗೆ, ಅದು ಪತ್ತೆಯಾಗುತ್ತದೆ. ವಿಚಾರಣೆಯಾಗಿ ಕ್ಷಣದ ನಂತರ ನಿಂತರೆ? ಮುಂದಿನ ವಿಚಾರಣೆಯಲ್ಲಿ ಸ್ಥಾನ ಬದಲಾಗಿರುತ್ತದೆ. ಅದರ ಮುಂದಿನದರಲ್ಲಿ ಮಾತ್ರ ಒಂದೇ ಆಗಿರುತ್ತದೆ. ಹತ್ತಿರ ಹತ್ತಿರ 10 ಸೆಕೆಂಡು ಬೇಕು. ಹೀಗೆ 5 ಸೆಕೆಂಡಿನ ವಿಚಾರಣೆಗೆ ನಿಜವಾದ ಕಾಯುವಿಕೆ 5ರಿಂದ 10 ಸೆಕೆಂಡುಗಳ ನಡುವೆ ಎಲ್ಲಿಯಾದರೂ ಇರಬಹುದು. ಪ್ರಯೋಗಾಲಯದಲ್ಲಿ ನಿರ್ದಿಷ್ಟ ಅವಧಿಗೊಮ್ಮೆ ಅಳತೆ ತೆಗೆಯುವ ಯಾವ ಉಪಕರಣಕ್ಕೂ ಇಂಥ ಅನಿಶ್ಚಿತತೆ ತಪ್ಪಿದ್ದಲ್ಲ.

ಇನ್ನೊಂದು ಪ್ರಶ್ನೆ: ‘ಅಲುಗಲಿಲ್ಲ’ ಎಂದರೇನು? ಮೇಜಿನ ಮೇಲೆ ಯಾರಾದರೂ ಪುಸ್ತಕವಿಟ್ಟರೂ ಮೌಸ್ ಕೂದಲೆಳೆಯಷ್ಟು ಕದಲಬಹುದು. 1999ರ ನಂತರ ಜನಪ್ರಿಯವಾದ ಬೆಳಕಿನ ಮೌಸ್ ತನ್ನ ಅಡಿಯ ಮೇಲ್ಮೈಯ ಪುಟ್ಟ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಅವುಗಳನ್ನು ಹೋಲಿಸಿ ಚಲನೆಯನ್ನು ಕಂಡುಹಿಡಿಯುತ್ತದೆ. ಹೊಳೆಯುವ ಮೇಲ್ಮೈಯಲ್ಲಿ ಈ ಹೋಲಿಕೆ ತಪ್ಪಿ, ಮುಟ್ಟದಿದ್ದರೂ ಬಾಣ ನಡುಗುವುದುಂಟು. ಇಂಥ ನಡುಕವನ್ನೆಲ್ಲ ಚಲನೆ ಎಂದು ಎಣಿಸಿದರೆ ಬಾಣ ಮರೆಯಾಗುವುದೇ ಇಲ್ಲ. ಅದಕ್ಕೆಂದೇ ಅನ್‌ಕ್ಲಟರ್‌ನಲ್ಲಿ ‘ಜಿಟ್ಟರ್’ ಎಂಬ ಆಯ್ಕೆಯಿದೆ. ಇಷ್ಟು ಚುಕ್ಕಿಗಳವರೆಗಿನ ಕದಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಹೇಳಬಹುದು. ಸಂಕೇತ ಯಾವುದು, ಗದ್ದಲ ಯಾವುದು ಎಂದು ಬೇರ್ಪಡಿಸುವ ಈ ಪ್ರಶ್ನೆ ಭೂಕಂಪಮಾಪಕಕ್ಕೂ ರೇಡಿಯೊ ದೂರದರ್ಶಕಕ್ಕೂ ಇರುವಂಥದೇ.

ಮೂರನೆಯ ಎಚ್ಚರಿಕೆಯೂ ಉಂಟು. ಮೌಸ್ ಗುಂಡಿ ಒತ್ತಿ ಹಿಡಿದಿರುವಾಗ ಬಾಣ ನಿಂತಿದ್ದರೂ ಅದು ಸುಮ್ಮನಿಲ್ಲ. ಬಳಕೆದಾರರು ಏನನ್ನೋ ಎಳೆಯುತ್ತ ಯೋಚಿಸುತ್ತಿರಬಹುದು. ಆಗ ಮರೆಮಾಡಬಾರದು. ‘ನಿಶ್ಚಲ’ ಮತ್ತು ‘ನಿರುದ್ಯೋಗಿ’ ಎರಡೂ ಒಂದೇ ಅಲ್ಲ ಎಂದು ಯಂತ್ರಕ್ಕೆ ಹೀಗೆ ಕಲಿಸಬೇಕಾಯಿತು.

ಬೇಡದೆ ಮರೆಯಾದ ಬಾಣ

ಇದೇ ಕಾಲದಲ್ಲಿ ಇನ್ನೊಂದೆಡೆ ತದ್ವಿರುದ್ಧವಾದ ತೊಂದರೆ ಕಾಣಿಸಿಕೊಂಡಿತ್ತು. ಆಗಿನ ಮಡಿಲ ಗಣಕಗಳ ದ್ರವಸ್ಫಟಿಕ ತೆರೆಗಳು ಬಹಳ ನಿಧಾನ. ಸ್ಫಟಿಕದ ಅಣುಗಳು ತಿರುಗಿ ಚುಕ್ಕಿ ಕಪ್ಪಾಗುವಷ್ಟರಲ್ಲಿ ಬಾಣ ಅಲ್ಲಿಂದ ಮುಂದೆ ಹೋಗಿರುತ್ತಿತ್ತು. ಪರಿಣಾಮವಾಗಿ ಬಾಣ ನಿಂತಾಗ ಕಾಣುತ್ತಿತ್ತು, ಓಡುವಾಗ ಮಾಯ! ಯಾವಾಗ ಬೇಕೋ ಆಗಲೇ ಇಲ್ಲ, ಬೇಡವಾದಾಗ ಎದುರಿಗೇ ಇದೆ. ನೀರಿನಲ್ಲಿ ಮುಳುಗಿ ದೂರದಲ್ಲಿ ಏಳುವ ಜಲಾಂತರ್ಗಾಮಿಯಂತೆ ಎಂದು ಇದನ್ನು ಬಣ್ಣಿಸುತ್ತಿದ್ದರು. 1992ರ ವಿಂಡೋಸ್ 3.1ರಲ್ಲಿ ಬಾಣದ ಹಿಂದೆ ಬಾಲದಂತೆ ಸಾಲು ಬಾಣಗಳನ್ನು ಮೂಡಿಸುವ ಆಯ್ಕೆ ಇದ್ದದ್ದು ಇಂಥ ತೆರೆಗಳಿಗೆ ನೆರವಾಗಲೆಂದು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಮೌಸ್ ಹೊಂದಾಣಿಕೆಗಳ ಪುಟದಲ್ಲಿ ಮೂರು ಆಯ್ಕೆಗಳು ಒಂದರ ಕೆಳಗೊಂದು ಇದ್ದವು: ಬಾಣಕ್ಕೆ ಬಾಲ ಮೂಡಿಸು, ಬೆರಳಚ್ಚು ಮಾಡುವಾಗ ಬಾಣವನ್ನು ಮರೆಮಾಡು, ಕಂಟ್ರೋಲ್ ಕೀಲಿ ಒತ್ತಿದಾಗ ಬಾಣ ಎಲ್ಲಿದೆ ಎಂದು ತೋರಿಸು. ಮೂರನೆಯದನ್ನು ಆರಿಸಿಕೊಂಡರೆ ಕಿರಿದಾಗುತ್ತ ಹೋಗುವ ವೃತ್ತಗಳು ಬಾಣದ ಕಡೆಗೆ ಕಣ್ಣನ್ನು ಕರೆದೊಯ್ಯುತ್ತವೆ. ಮರೆಮಾಡುವ ಆಯ್ಕೆ ಮತ್ತು ಹುಡುಕಿಕೊಡುವ ಆಯ್ಕೆ ಒಂದೇ ಪುಟದಲ್ಲಿ ಅಕ್ಕಪಕ್ಕ ಇದ್ದದ್ದು ಸರಿಯಾಗಿಯೇ ಇದೆ. ಆ್ಯಪಲ್ ಸಂಸ್ಥೆ 2015ರ ಎಲ್ ಕ್ಯಾಪಿಟನ್ ಆವೃತ್ತಿಯಲ್ಲಿ ಮೌಸನ್ನು ಬೇಗಬೇಗನೆ ಅಲುಗಾಡಿಸಿದರೆ ಬಾಣ ಒಮ್ಮೆ ದೊಡ್ಡದಾಗಿ ಕಾಣುವ ಏರ್ಪಾಡನ್ನು ತಂದಿತು.

ಏಕೆಂದರೆ ತೆರೆಗಳು ದೊಡ್ಡವಾದಂತೆ, ಚುಕ್ಕಿಗಳು ಸಣ್ಣವಾದಂತೆ ಬಾಣ ಕಳೆದುಹೋಗುವುದೂ ಹೆಚ್ಚಾಯಿತು. ನಿಮ್ಮ ತರಗತಿಯಲ್ಲಿ ದೃಷ್ಟಿ ಮಂದವಾದ ವಿದ್ಯಾರ್ಥಿ ಇದ್ದರೆ, ಬಾಣವನ್ನು ಒಮ್ಮೆ ಕಂಡು ಹಿಡಿದಿಟ್ಟುಕೊಳ್ಳುವುದೇ ಅವರಿಗೆ ಒಂದು ಕೆಲಸ. ಅದು ಮರೆಯಾದರೆ ಮತ್ತೆ ಮೊದಲಿನಿಂದ ಹುಡುಕಬೇಕು. ಒಬ್ಬರಿಗೆ ಅಡ್ಡಿಯಾದದ್ದು ಇನ್ನೊಬ್ಬರಿಗೆ ಆಸರೆ. ಆದ್ದರಿಂದ ಮರೆಮಾಡುವಿಕೆ ಬಳಕೆದಾರರ ಆಯ್ಕೆಯಾಗಿರಬೇಕೇ ಹೊರತು ಕಡ್ಡಾಯವಾಗಬಾರದು.

ಮರೆಯಲ್ಲಿ ಮೋಸ

ಬಾಣವನ್ನು ಮರೆಮಾಡುವ ಶಕ್ತಿ ಜಾಲಪುಟಗಳಿಗೂ ದೊರೆತ ಮೇಲೆ ಅದರ ದುರುಪಯೋಗದ ದಾರಿಯೂ ತೆರೆಯಿತು. ಪುಟವೊಂದು ನಿಜವಾದ ಬಾಣವನ್ನು ಮರೆಮಾಡಿ, ಸ್ವಲ್ಪ ದೂರದಲ್ಲಿ ಬಾಣದ ಚಿತ್ರವೊಂದನ್ನು ಓಡಾಡಿಸುತ್ತದೆ ಎನ್ನಿ. ನೀವು ಚಿತ್ರವನ್ನು ನಂಬಿ ‘ಬೇಡ’ ಎಂಬಲ್ಲಿ ಒತ್ತುತ್ತೀರಿ. ನಿಜವಾದ ಬಾಣ ಇರುವುದು ‘ಒಪ್ಪಿಗೆ’ ಎಂಬಲ್ಲಿ! ಕಣ್ಣಿಗೂ ಕೈಗೂ ನಡುವಿನ ನಂಬಿಕೆಯನ್ನೇ ಕದಿಯುವ ಈ ತಂತ್ರಕ್ಕೆ ‘ಕರ್ಸರ್‌ಜ್ಯಾಕಿಂಗ್’ ಎಂಬ ಹೆಸರಿದೆ. 2012ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮತ್ತು ಮೈಕ್ರೊಸಾಫ್ಟ್‌ನ ಸಂಶೋಧಕರು ಇಂಥ ವಂಚನೆಗಳನ್ನು ಬಳಕೆದಾರರೊಡನೆ ಪರೀಕ್ಷಿಸಿ ನೋಡಿದರು. ಮುಖ್ಯವಾದ ಅನುಮತಿ ಕೇಳುವ ಹೊತ್ತಿನಲ್ಲಿ ಬಾಣದ ರೂಪವನ್ನು ಬದಲಿಸಲು ಪುಟಗಳಿಗೆ ಅವಕಾಶವಿರಬಾರದು ಎಂಬುದು ಅವರು ಸೂಚಿಸಿದ ರಕ್ಷಣೆಗಳಲ್ಲಿ ಒಂದು. ಆಟಗಳಿಗಾಗಿ ಪುಟವೊಂದು ಬಾಣವನ್ನು ಮರೆಮಾಡಿ ಮೌಸನ್ನು ಪೂರ್ತಿಯಾಗಿ ತನ್ನ ವಶಕ್ಕೆ ತೆಗೆದುಕೊಂಡಾಗ, ಇಂದಿನ ಬ್ರೌಸರ್‌ಗಳು ಅದನ್ನು ತಿಳಿಸಿ, ಎಸ್ಕೇಪ್ ಕೀಲಿಯಿಂದ ಬಿಡಿಸಿಕೊಳ್ಳಬಹುದೆಂದು ಹೇಳುವುದನ್ನು ನೀವು ಕಂಡಿರಬಹುದು.

ಅನ್‌ಕ್ಲಟರ್‌ಗೂ ಈ ವಂಚನೆಗೂ ತಾಂತ್ರಿಕವಾಗಿ ಹೆಚ್ಚು ದೂರವಿಲ್ಲ. ಎರಡೂ ಬಾಣದ ಚಿತ್ರವನ್ನು ಅದರ ಸ್ಥಾನದಿಂದ ಬೇರ್ಪಡಿಸುತ್ತವೆ. ವ್ಯತ್ಯಾಸವಿರುವುದು ಮರಳಿ ಬರುವ ಭರವಸೆಯಲ್ಲಿ. ಅಲುಗಿದೊಡನೆ, ಇದ್ದಲ್ಲಿಯೇ, ಇದ್ದ ರೂಪದಲ್ಲಿಯೇ ಕಾಣಿಸಿಕೊಂಡರೆ ಅದು ಸೌಜನ್ಯ, ಇಲ್ಲವಾದರೆ ಮೋಸ.

ತರಗತಿಯಲ್ಲಿ ಮಾಡಿ ನೋಡಿ

ಇದನ್ನೆಲ್ಲ ನೀವೇ ಪರೀಕ್ಷಿಸಬಹುದು. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಪ್ರದರ್ಶನ ಆರಂಭಿಸಿ, ಮೌಸ್ ಅಲುಗಿಸಿ ಕೈ ತೆಗೆಯಿರಿ. ಬಾಣದ ಆಯ್ಕೆ ‘ಸ್ವಯಂಚಾಲಿತ’ ಎಂದಿದ್ದರೆ ಸುಮಾರು 3 ಸೆಕೆಂಡುಗಳಲ್ಲಿ ಬಾಣ ಮರೆಯಾಗುತ್ತದೆ. ನಿಲುಗಡಿಯಾರ ಹಿಡಿದು ಹತ್ತು ಸಲ ಅಳೆದು ಸರಾಸರಿ ತೆಗೆಯಿರಿ. ಆಮೇಲೆ ಯಾವುದಾದರೂ ಚಲನಚಿತ್ರ ತೋರಿಸುವ ತಂತ್ರಾಂಶದಲ್ಲಿ ಅದನ್ನೇ ಮಾಡಿ ಹೋಲಿಸಿ. ಮೌಸ್ ಇರುವ ಮೇಜನ್ನು ಮೆಲ್ಲನೆ ತಟ್ಟಿ, ಎಷ್ಟು ತಟ್ಟಿದರೆ ಬಾಣ ಎಚ್ಚರಗೊಳ್ಳುತ್ತದೆ ಎಂದೂ ನೋಡಬಹುದು.

ಕ್ರಮವಿಧಿ ಬರೆಯಬಲ್ಲ ವಿದ್ಯಾರ್ಥಿಗಳು ಇದನ್ನು ನಾಲ್ಕು ಹಂತಗಳಲ್ಲಿ ಬರೆಯಲಿ. ಪ್ರತಿ ಸೆಕೆಂಡಿಗೊಮ್ಮೆ ಬಾಣದ ಸ್ಥಾನವನ್ನು ಗುರುತಿಸಿಕೊ. ಹಿಂದಿನ ಸ್ಥಾನಕ್ಕಿಂತ ನಿಗದಿತ ಚುಕ್ಕಿಗಳಿಗೆ ಮೀರಿ ಸರಿದಿದ್ದರೆ ಎಣಿಕೆಯನ್ನು ಸೊನ್ನೆ ಮಾಡಿ ಬಾಣವನ್ನು ತೋರಿಸು. ಇಲ್ಲವಾದರೆ ಎಣಿಕೆಗೆ ಒಂದು ಕೂಡಿಸು. ಗುಂಡಿ ಒತ್ತಿದ್ದರೆ ಎಣಿಕೆ ಸೊನ್ನೆ. ಎಣಿಕೆ ಐದಾದರೆ ಮರೆಮಾಡು. ಆದರೆ ಹೀಗೆ ಬರೆದರೆ ಮರಳಿ ಬರಲು ಒಂದು ಸೆಕೆಂಡಿನವರೆಗೂ ತಡವಾಗಬಹುದು. ಆ ತಡವನ್ನು ಹೇಗೆ ತಪ್ಪಿಸುವಿರಿ? ಅನ್‌ಕ್ಲಟರ್‌ನ ಪುಟ್ಟ ಕಿಟಕಿಯನ್ನು ನೆನಪಿಸಿಕೊಳ್ಳಿ. ಹೋಗುವಾಗ ನಿಧಾನವಾದರೂ ಅಡ್ಡಿಯಿಲ್ಲ, ಬರುವಾಗ ತಡವಾಗಬಾರದು. ನಿಮ್ಮ ಕ್ರಮವಿಧಿ ನಡುವೆ ಕೆಟ್ಟು ನಿಂತರೆ ಬಾಣ ಏನಾಗುತ್ತದೆ ಎಂಬುದಕ್ಕೂ ಉತ್ತರ ಬರೆದುಕೊಳ್ಳಿ.

ಮುಂದಿನ ಸಲ ಪಾಠ ಮಾಡುವಾಗ ‘ಹಳ್ಳಿ’ಯ ಒತ್ತಿನ ಮೇಲೆ ನಿಂತ ಬಾಣ ಮೂರು ಸೆಕೆಂಡಿನಲ್ಲಿ ಸದ್ದಿಲ್ಲದೆ ಮರೆಯಾದರೆ, ಹಿಂದಿನ ಬೆಂಚಿನ ಹುಡುಗ ಅದನ್ನು ಸರಿಯಾಗಿಯೇ ಓದುತ್ತಾನೆ. ನೀವು ಮೌಸ್ ಮುಟ್ಟಿದಾಗ ಬಾಣ ಬಿಟ್ಟಲ್ಲಿಯೇ ಕಾಯುತ್ತಿರುತ್ತದೆ.